ಕೂಗದ ವಾಚು

ಚಿಕ್ಕಬಾಣಾವರ ಕೆರೆಯ ಏರಿಯ ಮೇಲೆ ಆಶಾರಾಣಿ ಅಂಗಾತ ಬಿದ್ದಿದ್ದಳು. ಬೆಳಗಿನ ಓಟಕ್ಕೆ ಬಂದವರೆಲ್ಲ ಸುತ್ತ ಗುಂಪುಗೂಡಿದ್ದರು. ಅವಳ ಜೊತೆಯಲ್ಲೇ ಓಡುತ್ತಿದ್ದ ಮನು ಮಂಡಿಯೂರಿ, ಎರಡೂ ಕೈಯಿಂದ ಅವಳ ಎದೆಯನ್ನು ಒತ್ತುತ್ತಿದ್ದ. ಅವನ ಮೈಯಿಂದ ಬೆವರು ಹರಿಯುತ್ತಿತ್ತು.

ಗುಂಪಿನಲ್ಲೊಬ್ಬರು ಬಗ್ಗಿ ಅವಳ ಕೈಯಲ್ಲಿದ್ದ ವಾಚು ನೋಡಿದರು.

"ಬಡಿತ ನೂರಾ ಹದಿನೆಂಟು ತೋರಿಸ್ತಿದೆ ಕಣ್ರೀ. ನಾರ್ಮಲ್ಲೇ ಇದೆ."

ನಾರ್ಮಲ್ ಇದ್ದವಳ ತುಟಿ ನೀಲಿಯಾಗಿತ್ತು. ಆಂಬುಲೆನ್ಸ್ ಬಂತು. ಆಶಾರಾಣಿಯನ್ನು ಹತ್ತಿಸಿಕೊಂಡು ಹೋಯಿತು. ಮನು ಏರಿಯ ಮೇಲೇ ತಲೆ ಹಿಡಿದು ಕುಳಿತ.

ಅದು ಬುಧವಾರ.

* * *

"ಹೃದಯದ ತಾಳ ತಪ್ಪಿತ್ತು. ಶಾಕ್ ಕೊಟ್ಟು ಸರಿ ಮಾಡಿದೀವಿ. ಪ್ರಜ್ಞೆ ಬಂದಿಲ್ಲ. ನಾಳೆವರೆಗೂ ಏನೂ ಹೇಳಕ್ಕಾಗಲ್ಲ," ಎಂದರು ಡಾಕ್ಟರು.

ಸಬ್ ಇನ್ಸ್‌ಪೆಕ್ಟರ್ ಶೈಲಾಗೆ ಆಸ್ಪತ್ರೆಯ ವಾಸನೆ ಎಂದರೆ ಆಗದು. ಆದರೂ ಬಂದಿದ್ದಳು. ಆಶಾರಾಣಿಯ ಅಕ್ಕ ಸುಬ್ಬಲಕ್ಷ್ಮಮ್ಮ ಠಾಣೆಗೆ ಫೋನ್ ಮಾಡಿ, "ನನ್ ತಂಗೀನ ಕೊಂದ್ಬಿಟ್ರು," ಎಂದು ಕಿರುಚಿದ್ದಳು. ಬದುಕಿರುವವಳ ಕೊಲೆ ಎಂದರೆ ಏನು ಎಂದು ಹೆಡ್ ಕಾನ್ಸ್‌ಟೇಬಲ್ ಹನುಮಯ್ಯ ಗೊಣಗುತ್ತಲೇ ಜೀಪು ತಂದಿದ್ದ.

"ಓಡ್ತಾ ಓಡ್ತಾ ಹಾರ್ಟ್ ಕೈ ಕೊಡೋದು ಈಗ ಸಾಮಾನ್ಯ ಅಲ್ವೇನಮ್ಮಾ?" ಶೈಲಾ ಮೆಲ್ಲಗೆ ಕೇಳಿದಳು.

"ಸಾಮಾನ್ಯ ಅಲ್ಲ ಮೇಡಂ. ಅವಳಿಗೆ ಮೊದ್ಲೇ ಹಾರ್ಟ್ ತೊಂದ್ರೆ ಇತ್ತು. ಓಡು, ಆದ್ರೆ ಬಡಿತ ನೂರಾ ಮೂವತ್ತು ದಾಟಬಾರದು ಅಂದಿದ್ರು ಡಾಕ್ಟ್ರು. ಅದಕ್ಕೇ ಓಡುವಾಗ ಎದೆಗೆ ಬಡಿತ ಎಣಿಸೋ ಪಟ್ಟಿ ಕಟ್ತಾ ಇದ್ಲು. ದಾಟಿದ್ರೆ ಕೈಲಿರೋ ವಾಚು ಕೂಗ್ಕೊಳ್ಳತ್ತೆ. ಹೊಸದ್ರಲ್ಲಿ ಮನೇಲಿ ಮೆಟ್ಲು ಹತ್ತಿದ್ರೂ ಕೂಗಿ ಕೂಗಿ ನನ್ನ ಪ್ರಾಣ ತಿಂದಿತ್ತು. ಇವತ್ತೇ ಯಾಕೆ ಕೂಗ್ಲಿಲ್ಲ?"

ಪ್ರಶ್ನೆ ಸರಿಯಾಗಿತ್ತು.

"ಆ ಅಂಗಡಿ ನೀಲಪ್ಪ ಡೂಪ್ಲಿಕೇಟ್ ಪಟ್ಟಿ ಕೊಟ್ಟಿದಾನೆ. ಮೊದ್ಲು ಅವನ್ನ ಒಳಗೆ ಹಾಕಿ!"

ನರ್ಸ್ ಒಂದು ಕವರ್ ತಂದು ಕೊಟ್ಟಳು. ಒಳಗೆ ಬೆವರಿಗೆ ಒದ್ದೆಯಾದ ಎದೆಪಟ್ಟಿ, ಜೊತೆಗೆ ವಾಚು. ವಾಚು ಬೆಳಗಿನ ಓಟವನ್ನು ಇನ್ನೂ ಲೆಕ್ಕ ಹಾಕುತ್ತಲೇ ಇತ್ತು. ಬಡಿತದ ಜಾಗದಲ್ಲಿ ಮಾತ್ರ ಎರಡು ಗೀಟು. ಪಟ್ಟಿ ಬಿಚ್ಚಿದ್ದಾರಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು ಶೈಲಾ.

ಹೊರಡುವಾಗ ಐಸಿಯು ಗಾಜಿನಾಚೆ ನೋಡಿದಳು. ಅಷ್ಟೊಂದು ಕೊಳವೆಗಳ ನಡುವೆ ಆಶಾರಾಣಿಯ ಮುಖ ಸರಿಯಾಗಿ ಕಾಣಿಸಲಿಲ್ಲ.

* * *

ನೀಲಪ್ಪನ ಸ್ಪೋರ್ಟ್ಸ್ ಸಾಮಾನಿನ ಅಂಗಡಿ ದಾಸರಹಳ್ಳಿಯಲ್ಲಿ. ಪೊಲೀಸರನ್ನು ಕಂಡು ಅವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ.

"ನಾನು ಒರಿಜಿನಲ್ಲೇ ಮಾರೋದು ಮೇಡಂ! ಬೇಕಾದ್ರೆ ಇಲ್ಲೇ ಕಟ್ಕೊಂಡು ತೋರಿಸ್ತೀನಿ."

ಶೈಲಾ ಕೊಟ್ಟ ಆಶಾರಾಣಿಯ ಪಟ್ಟಿಯ ಒಳಬದಿಗೆ ನೀರು ಹಚ್ಚಿ, ಅಂಗಿಯೊಳಗೆ ಕಟ್ಟಿಕೊಂಡ. ತನ್ನ ಫೋನಿನಲ್ಲಿ ನೋಡಿದ. ನೂರಾ ನಾಲ್ಕು ಬಂತು.

"ಹೆದರಿಕೆಗೆ ಜಾಸ್ತಿ ಇದೆ. ಪಟ್ಟಿ ಸರಿಯಾಗೇ ಇದೆ ನೋಡಿ," ಎಂದ. ಹನುಮಯ್ಯ ಅವನ ನಾಡಿ ಹಿಡಿದು ಎಣಿಸಿ, ಹೌದೆಂದು ತಲೆಯಾಡಿಸಿದ.

"ಇದನ್ನೇ ಯಾಕೆ ಆರಿಸಿಕೊಂಡ್ರು ಅವರು?"

"ಬರೀ ವಾಚು ಸಾಲಲ್ವಾ ಅಂತ್ಲೇ ಕೇಳಿದ್ರು ಮೊದ್ಲು. ಓಡುವಾಗ ಕೈ ಅಲ್ಲಾಡತ್ತೆ ಮೇಡಂ. ಮಣಿಕಟ್ಟಿನ ವಾಚು ಒಂದೊಂದ್ಸಲ ಹೆಜ್ಜೆ ತಾಳಾನೇ ಎದೆಬಡಿತ ಅಂದ್ಕೊಂಡ್ಬಿಡತ್ತೆ. ತೋಳಿಗೆ ಕಟ್ಟೋದೂ ಇದೆ, ಅದು ಸ್ವಲ್ಪ ತಡವಾಗಿ ತೋರಿಸತ್ತೆ. ನಿಮ್ಗೆ ಹಾರ್ಟ್ ತೊಂದ್ರೆ ಇದೆ ಅಂದ್ರೆ ಎದೆದೇ ತಗೊಳ್ಳಿ ಅಂದೆ. ವಾಚಲ್ಲಿ ಮಣಿಕಟ್ಟಿನ ಲೆಕ್ಕ ನಾನೇ ಆಫ್ ಮಾಡ್ಕೊಟ್ಟೆ. ಎದೆಪಟ್ಟಿ ಹೇಳಿದ್ದಷ್ಟೇ ವಾಚು ಕೇಳೋದು. ಅವ್ರು ಒಂದೇ ಮಾತು ಕೇಳಿದ್ರು, 'ಇದು ಸುಳ್ಳು ಹೇಳಲ್ವಾ?' ಅಂತ. ಜೊತೆಗೆ ಬಂದಿದ್ದ ಮನು ಸಾರ್ ನಕ್ಕುಬಿಟ್ರು. ಅವ್ರೂ ಅಂಥದ್ದೇ ಒಂದು ತಗೊಂಡ್ರು."

ನೀಲಪ್ಪ ವಾಚಿನಲ್ಲಿದ್ದ ಬೆಳಗಿನ ಬಡಿತದ ಗೆರೆಯನ್ನು ತೆಗೆದು ತೋರಿಸಿದ. ನೂರಾ ಹತ್ತರ ಆಸುಪಾಸಿನಲ್ಲಿ ಹಾಯಾಗಿ ಸಾಗಿದ್ದ ಗೆರೆ, ಅವಳು ಬಿದ್ದ ಮೇಲೆ ನೂರಾ ಇಪ್ಪತ್ತೈದರವರೆಗೂ ಮೇಲೇರಿತ್ತು. ಮೇಲೇರಿ, ಆಂಬುಲೆನ್ಸ್ ಹೊರಟ ಹೊತ್ತಿಗೆ ಕಡಿದುಹೋಗಿತ್ತು.

"ಆಂಬುಲೆನ್ಸ್‌ನಲ್ಲಿ ಪಟ್ಟಿ ಬಿಚ್ಚಿರ್ಬೇಕು," ಎಂದ ನೀಲಪ್ಪ.

ಶೈಲಾ ಆಸ್ಪತ್ರೆಗೆ ಫೋನ್ ಮಾಡಿದಳು. ಪಟ್ಟಿ ಬಿಚ್ಚಿದ್ದು ಆಸ್ಪತ್ರೆಯ ಮಂಚದ ಮೇಲೆ ಎಂದಳು ನರ್ಸ್. ಆಂಬುಲೆನ್ಸಿನಲ್ಲಿ ಎದೆಪಟ್ಟಿ ಎದೆಯ ಮೇಲೆ, ವಾಚು ಕೈಯ ಮೇಲೇ ಇದ್ದವು. ಹಾಗಿದ್ದೂ ವಾಚು ಏಕೆ ಕುರುಡಾಯಿತು? ಅರ್ಥವಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನೀಲಪ್ಪನನ್ನು ಹಿಡಿಯುವುದರಲ್ಲಿ ಹುರುಳಿಲ್ಲ ಎಂಬುದಷ್ಟೇ ಖಾತ್ರಿಯಾಯಿತು.

* * *

ಮಧ್ಯಾಹ್ನದ ಹೊತ್ತಿಗೆ ಹನುಮಯ್ಯ ಒಬ್ಬನನ್ನು ಠಾಣೆಗೆ ಕರೆತಂದ. ಬಲಗೈಗೆ ದಪ್ಪ ಬ್ಯಾಂಡೇಜು. ಬೆಳಗ್ಗೆ ಕೆರೆಯ ಹತ್ತಿರ ಆಶಾರಾಣಿಯ ಜೊತೆ ಜೋರು ದನಿಯಲ್ಲಿ ಮಾತಾಡಿದ್ದನ್ನು ಹಾಲಿನವರು ನೋಡಿದ್ದರು.

"ಹೆಸರು?"

"ಯಮನಪ್ಪ ರೀ. ಪೀಣ್ಯಾದಾಗ ತಗಡ ಒತ್ತೂ ಪ್ರೆಸ್ಸಿನ ಆಪರೇಟರ್. ಮೇಡಮ್ಮಾರು ನಮ್ಮ ಕಂಪನಿ ಸೇಫ್ಟಿ ಆಫೀಸರ್ರೀ. ನಾ ಅವ್ರಿಗೆ ಏನೂ ಮಾಡಿಲ್ರೀ, ದೇವ್ರಾಣಿ."

"ಮತ್ತೆ ಜಗಳ ಯಾಕೆ?"

ಯಮನಪ್ಪ ಬ್ಯಾಂಡೇಜನ್ನು ಮುಂದೆ ಚಾಚಿದ. ಎರಡು ಬೆರಳಿರಬೇಕಾದ ಜಾಗ ಬೋಳಾಗಿತ್ತು.

"ನಾಕನೇ ಪ್ರೆಸ್ಸಿನ್ಯಾಗ ಹೋದ್ವು ರೀ. ತಪ್ಪು ನಂದ ಅಂತ ಸಹಿ ಮಾಡು ಅಂತಾರ ಮ್ಯಾನೇಜರ್ ಮನು ಸಾಹೇಬ್ರು. ಮಾಡಬ್ಯಾಡ ಅಂತಾರ ಮೇಡಮ್ಮಾರು. ನಾ ಯಾರ ಮಾತು ಕೇಳ್ಲಿ? ಅದಕ್ಕ ದನಿ ಏರಿಸಿದ್ನಿ. ಶುಕ್ರವಾರ ಸರ್ಕಾರದ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರ, ನಾನ ಅವ್ರ ಮುಂದ ಎಲ್ಲಾ ಹೇಳ್ತೀನಿ ಅಂದ್ರು ಮೇಡಮ್ಮಾರು."

"ಏನು ಹೇಳ್ತೀನಿ ಅಂದ್ರು?"

"ಕೈ ಒಳಗಿದ್ರ ಆ ಮಷೀನು ನಿಂದ್ರಬೇಕ್ರೀ. ನನ್ನ ಕೈ ಒಳಗಿತ್ತು. ಹಸರ ಲೈಟು ಉರಿತಿತ್ತು."

* * *

ಕಾರ್ಖಾನೆಯ ಮಷೀನು ಶೆಡ್ಡಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಶೈಲಾಳನ್ನು ತಡೆದ.

"ವಾಚು, ಬಳೆ, ಉಂಗುರ ಬಿಚ್ಚಿಡ್ಬೇಕು ಮೇಡಂ. ಮಷೀನಿಗೆ ಸಿಕ್ಕಾಕ್ಕೊಳತ್ತೆ. ಆಶಾರಾಣಿ ಮೇಡಂ ಮಾಡಿದ ರೂಲ್ಸು. ಅವ್ರೂ ದಿನಾ ಇಲ್ಲೇ ಬಿಚ್ಚಿಡ್ತಾರೆ."

ಬಿಚ್ಚಿಡುವ ಟ್ರೇ ಇದ್ದದ್ದು ಬಾಗಿಲ ಪಕ್ಕದ ರೂಮಿನಲ್ಲಿ, ಮ್ಯಾನೇಜರ್ ಮನುವಿನ ಮೇಜಿನ ಮೇಲೆ. ಅವನು ರೂಮಿನಲ್ಲಿರಲಿಲ್ಲ. ಶೈಲಾ ತನ್ನ ಗಡಿಯಾರ ಬಿಚ್ಚಿಟ್ಟು ಒಳಗೆ ಹೋದಳು.

ನಾಲ್ಕನೇ ಪ್ರೆಸ್ಸಿನ ಮುಂದೆ ದೇವಕ್ಕ ಎಂಬ ಹೆಂಗಸು ಕುಳಿತಿದ್ದಳು. ತಗಡು ಇಡುವಳು, ಕೈ ತೆಗೆಯುವಳು. ಧಡ್ ಎಂದು ಪ್ರೆಸ್ಸು ಇಳಿಯುವುದು. ಎರಡು ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇದೆ, ಕೈ ಅಡ್ಡ ಬಂದರೆ ಕೆಂಪು ಲೈಟು ಉರಿದು ಪ್ರೆಸ್ಸು ನಿಲ್ಲಬೇಕು ಎಂದು ಯಮನಪ್ಪ ಹೇಳಿಕೊಟ್ಟಿದ್ದ.

ಶೈಲಾ ಒಂದು ರಟ್ಟಿನ ತುಂಡನ್ನು ಆ ಕಂಬಗಳ ನಡುವೆ ಹಿಡಿದಳು.

ಹಸಿರು ಲೈಟು ಹಾಗೇ ಉರಿಯಿತು. ಧಡ್! ರಟ್ಟು ಚಪ್ಪಟೆಯಾಯಿತು.

ದೇವಕ್ಕ ಹೆದರಿ ಹಿಂದೆ ಸರಿದಳು. ಶೈಲಾ ಕಂಬದ ಹಿಂಬದಿ ಬಗ್ಗಿ ನೋಡಿದಳು. ಕಂಬದ ತಂತಿ ಕಳಚಿ ನೇತಾಡುತ್ತಿತ್ತು. ಪ್ರೆಸ್ಸಿಗೆ ಬೇರೆಲ್ಲಿಂದಲೋ ಒಂದು ತುಂಡು ತಂತಿ ಸೇರಿಸಿದ್ದರು. ಕಂಬ ಏನನ್ನು ಕಂಡರೂ ಮಷೀನಿಗೆ ಗೊತ್ತಾಗುವಂತಿರಲಿಲ್ಲ. ಎಲ್ಲ ಸರಿಯಿದೆ ಎಂದು ಇನ್ನೊಂದು ತಂತಿ ಬಿಡುವಿಲ್ಲದೆ ಹೇಳುತ್ತಿತ್ತು.

ಶೈಲಾ ಆ ತುಂಡು ತಂತಿಯನ್ನೇ ನೋಡಿದಳು. ಆಶಾರಾಣಿಯ ವಾಚಿಗೂ ಹೀಗೇ ಮಾಡಿದ್ದಾರೆ.

"ಮೇಡಂ, ಇಲ್ಲಿದೀರಾ!" ಮನು ಓಡಿಬಂದ. ಕೆಲಸಕ್ಕೆ ತಕ್ಕ ಶುಭ್ರ ಅಂಗಿ, ನಿದ್ದೆಗೆಟ್ಟ ಕಣ್ಣು. "ಅವ್ರ ವಾಚು ನಿಮ್ಮತ್ರ ಇದೆಯಂತೆ. ಕೊಡಿ, ನಾನೇ ಮನೆಗೆ ತಲುಪಿಸ್ತೀನಿ."

ಆಶಾರಾಣಿ ಹೇಗಿದ್ದಾಳೆಂದು ಅವನು ಕೇಳಿರಲಿಲ್ಲ.

"ಅಯ್ಯೋ, ಆಂಬುಲೆನ್ಸ್‌ನಲ್ಲಿ ಬಿದ್ದು ಒಡೆದುಹೋಗಿದೆ ಸಾರ್. ಪ್ರಯೋಜನಕ್ಕಿಲ್ಲ," ಎಂದಳು ಶೈಲಾ. "ನಾಳೆ ಬೆಳಗ್ಗೆ ಎಲ್ರೂ ದಿನದ ಹಾಗೇ ಓಡಕ್ಕೆ ಬನ್ನಿ. ಎಲ್ಲಿ ಬಿದ್ರು, ಹೇಗೆ ಬಿದ್ರು ಅಂತ ಬರ್ಕೊಂಡು ಫೈಲ್ ಮುಚ್ಚಿಬಿಡ್ತೀನಿ."

ಮನುವಿನ ಹೆಗಲು ಸ್ವಲ್ಪ ಸಡಿಲವಾಯಿತು.

ಪ್ರೆಸ್ಸನ್ನು ಈಗಲೇ ನಿಲ್ಲಿಸಿ ಎನ್ನುವ ಮಾತು ಶೈಲಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವನಿಗೆ ಅನುಮಾನ ಬರುತ್ತದೆ, ಇವನ ಎದೆಪಟ್ಟಿ ಕೆರೆಯ ಪಾಲಾಗುತ್ತದೆ, ಸಾಕ್ಷಿ ಮುಗಿಯುತ್ತದೆ. ಹೇಳಲಿಲ್ಲ. ಬಾಗಿಲವರೆಗೂ ಆ ಧಡ್ ಶಬ್ದ ಅವಳ ಬೆನ್ನಟ್ಟಿ ಬಂತು. ಜೀಪು ಹತ್ತಿದ ಮೇಲೂ ಕಿವಿಯಿಂದ ಹೋಗಲಿಲ್ಲ. ಮನೆಯಲ್ಲಿ ಊಟ ಸೇರಲಿಲ್ಲ. ದೇವಕ್ಕನ ಹತ್ತು ಬೆರಳುಗಳೂ ಅವಳ ತಟ್ಟೆಯ ಮುಂದೆ ಕುಳಿತಿದ್ದವು.

* * *

ಗುರುವಾರ ಬೆಳಗ್ಗೆ ಶೈಲಾ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮನುವಿನ ಪಕ್ಕದಲ್ಲೇ ಓಡಿದಳು. ಓಟ ಎಂದರೆ ನಡಿಗೆಗಿಂತ ಒಂದು ಕೂದಲು ಹೆಚ್ಚು. ಅವನಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

"ನಿನ್ನೆ ಸ್ಪೀಡು ಜಾಸ್ತಿ ಆಗಿತ್ತಾ ಸಾರ್?"

"ಸ್ವಲ್ಪ. ಉಸಿರು ಕಟ್ತಿದೆ ಅಂದ್ರು ಅವ್ರು. ವಾಚ್ ನೋಡಿ ಮೇಡಂ, ನೂರಾ ಹದಿನೈದೇ ಇದೆಯಲ್ಲ ಅಂದೆ. ನೋಡಿದ್ರು. ಸರಿ ಅಂತ ಓಡಿದ್ರು."

"ಪಾಪ, ಅವ್ರಿಗೆ ತಮ್ಮ ಉಸಿರಿಗಿಂತ ಆ ನಂಬರ್ ಮೇಲೆ ನಂಬಿಕೆ."

ಶೈಲಾ ನಿಂತಳು. ಅವನೂ ನಿಂತ. ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಆಶಾರಾಣಿಯ ವಾಚು ಇತ್ತು.

"ಇದು ಒಡೆದಿಲ್ಲ ಸಾರ್. ನೂರಾ ಹನ್ನೆರಡು ತೋರಿಸ್ತಿದೆ. ನನ್ನ ಎದೇಲಿ ಪಟ್ಟಿ ಇಲ್ಲ. ಆಶಾರಾಣಿಯವರ ಪಟ್ಟಿ ಠಾಣೆ ಬೀರುವಲ್ಲಿದೆ. ಹಾಗಾದ್ರೆ ಇದು ಯಾರ ಎದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮನುವಿನ ಕೈ ತನ್ನ ಎದೆಗೆ ಹೋಯಿತು. ವಾಚಿನಲ್ಲಿ ನಂಬರು ಏರತೊಡಗಿತು. ನೂರಾ ಹದಿನೆಂಟು. ನೂರಾ ಇಪ್ಪತ್ತಾರು.

"ಮಂಗಳವಾರ ಟ್ರೇಯಲ್ಲಿ ಈ ವಾಚು ಎಷ್ಟು ಹೊತ್ತು ಇತ್ತು ಸಾರ್, ನಿಮ್ಮ ಮೇಜಿನ ಮೇಲೆ?"

ವಾಚು ಕೂಗಿತು. ಕರ್ಕಶವಾಗಿ, ಬಿಡದೆ ಕೂಗಿತು. ಹಿಂದೆ ಓಡುತ್ತಿದ್ದವರೆಲ್ಲ ನಿಂತು ನೋಡಿದರು.

ಮನು ಓಟ ಕಿತ್ತ. ಸ್ವಲ್ಪ ದೂರ ಹೋಗುತ್ತಲೇ ವಾಚು ಸುಮ್ಮನಾಗಿ ಎರಡು ಗೀಟು ತೋರಿಸಿತು. ಏರಿಯ ಕೊನೆಯಲ್ಲಿ ಹನುಮಯ್ಯ ಲಾಠಿ ಅಡ್ಡ ಹಿಡಿದು ನಿಂತಿದ್ದ.

* * *

"ನಂಗಿನ್ನೂ ತಲೆಗೆ ಹೋಗ್ಲಿಲ್ಲ ಮೇಡಂ," ಎಂದ ಹನುಮಯ್ಯ ಠಾಣೆಯಲ್ಲಿ.

ಶೈಲಾ ಎರಡು ಎದೆಪಟ್ಟಿಗಳನ್ನೂ ಮೇಜಿನ ಮೇಲಿಟ್ಟಳು. ನೋಡಲು ಅವಳಿ ಜವಳಿ. ಹಿಂದೆ ಕೆತ್ತಿದ ನಂಬರು ಮಾತ್ರ ಬೇರೆ.

"ಎದೆಪಟ್ಟಿ ರೇಡಿಯೋ ಸ್ಟೇಷನ್ ಇದ್ದಂಗೆ ಹನುಮಯ್ಯ. ಪಕ್ಕದಲ್ಲಿರೋ ಯಾವ ವಾಚು ಬೇಕಾದ್ರೂ ಕೇಳಬಹುದು. ಯಾವ ಪಟ್ಟೀನ ಕೇಳ್ಬೇಕು ಅಂತ ವಾಚಿಗೆ ಮೊದ್ಲೇ ಹೇಳಿರ್ತೀವಿ. ಇವ್ನು ಟ್ರೇಯಲ್ಲಿದ್ದ ವಾಚಲ್ಲಿ ಅವ್ರ ಪಟ್ಟಿ ಅಳಿಸಿ, ತನ್ನ ಪಟ್ಟಿ ಸೇರಿಸಿದ. ನೋಡಿ, ವಾಚಲ್ಲಿರೋ ನಂಬರು ಇವನ ಪಟ್ಟೀದು. ನಿನ್ನೆ ಪೂರ್ತಿ ಅವ್ರ ಕೈಲಿ ಕಾಣ್ತಿದ್ದಿದ್ದು ಇವನ ಬಡಿತ. ಗಟ್ಟಿ ಆಳು, ಆ ಸ್ಪೀಡಿಗೆ ಏರಲ್ಲ. ಅವ್ರು ಬಿದ್ದ ಮೇಲೆ ಏರ್ತು, ಯಾಕಂದ್ರೆ ಎದೆ ಒತ್ತಿದ್ದು ಇವ್ನು. ಆಂಬುಲೆನ್ಸ್ ಹೋಯ್ತು, ಇವನು ಕೆರೆ ಹತ್ರಾನೇ ಉಳಿದ. ವಾಚಿಗೆ ಕೇಳೋದು ನಿಂತೋಯ್ತು."

"ಪ್ರೆಸ್ಸಿಗೆ ಮಾಡಿದ್ದೇ ಹೆಂಗಸಿಗೂ ಮಾಡಿದ ಅನ್ನಿ. ಥೂ!"

ಮೂಲೆಯಲ್ಲಿ ಕುಳಿತಿದ್ದ ಮನು ತಲೆ ಎತ್ತಿದ. "ಸಾಯ್ಲಿ ಅಂತ ಮಾಡಿಲ್ಲ ಮೇಡಂ. ಆ ಪರದೆ ಗಂಟೆಗೆ ಹತ್ತು ಸಲ ಮಷೀನ್ ನಿಲ್ಲಿಸ್ತಿತ್ತು. ಟಾರ್ಗೆಟ್ ಆಗ್ತಿರ್ಲಿಲ್ಲ. ತಂತಿ ಹಾಕಿಸಿದ್ದು ನಾನೇ. ಶುಕ್ರವಾರ ಅವ್ರು ಹೇಳ್ಬಿಟ್ರೆ ನಾನು ಜೈಲಿಗೇ. ತಲೆ ಸುತ್ತಿ ಬಿದ್ದು ಎರಡು ದಿನ ಆಸ್ಪತ್ರೇಲಿದ್ರೆ ಸಾಕಿತ್ತು. ನಿಜವಾಗ್ಲೂ ಉಸಿರು ನಿಂತಾಗ... ನಾನೇ ಒತ್ತಿದೆ ಮೇಡಂ, ನಾನೇ ಬದುಕಿಸಿದ್ದು."

ಶೈಲಾ ಆಗಲೇ ಎದ್ದಿದ್ದಳು. ಜೀಪು ಸೀದಾ ಪೀಣ್ಯಾಕ್ಕೆ ಹೋಯಿತು. ಅವಳೇ ಕೈಯಾರೆ ನಾಲ್ಕನೇ ಪ್ರೆಸ್ಸಿನ ಸ್ವಿಚ್ಚು ಇಳಿಸಿ ಸೀಲು ಹಾಕಿದಳು. ದೇವಕ್ಕನ ಎರಡೂ ಕೈ ಹಿಡಿದು ನೋಡಿದಳು. ಬೆರಳು ಹತ್ತೂ ಇದ್ದವು.

* * *

ಸಂಜೆ ಆಶಾರಾಣಿಗೆ ಪ್ರಜ್ಞೆ ಬಂತು. ಸುಬ್ಬಲಕ್ಷ್ಮಮ್ಮ ಅಳುತ್ತಾ ನಗುತ್ತಾ ಫೋನ್ ಮಾಡಿದಳು. ಶೈಲಾ ಹೋದಾಗ ಆಶಾರಾಣಿ ದಿಂಬಿಗೆ ಒರಗಿದ್ದಳು. ಅಕ್ಕ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

"ನಾಲ್ಕನೇ ಪ್ರೆಸ್ ನಿಲ್ಸಿದ್ರಾ ಮೇಡಂ?" ದನಿ ಪಿಸುಗುಡುತ್ತಿತ್ತು.

"ನಿಲ್ಸಿದೀನಿ. ಸೀಲೂ ಹಾಕಿದೀನಿ."

"ಯಾವಾಗ?"

"ಇವತ್ತು ಬೆಳಗ್ಗೆ."

ಆಶಾರಾಣಿ ದಿಂಬಿನಿಂದ ತಲೆ ಎತ್ತಿದಳು. "ತಂತಿ ವಿಷಯ ನಿಮ್ಗೆ ಗೊತ್ತಾಗಿದ್ದು ಯಾವಾಗ?"

ಶೈಲಾ ಸುಳ್ಳು ಹೇಳಬಹುದಿತ್ತು. "ನಿನ್ನೆ ಮಧ್ಯಾಹ್ನ," ಎಂದಳು.

ಸುಬ್ಬಲಕ್ಷ್ಮಮ್ಮ ಇಬ್ಬರ ಮುಖವನ್ನೂ ನೋಡಿದಳು.

"ಅವನನ್ನ ಹಿಡೀಬೇಕಿತ್ತು," ಶೈಲಾ ಹೇಳಿದಳು. "ಯಾರಿಗೂ ಏನೂ ಆಗ್ಲಿಲ್ಲ ಮೇಡಂ."

ಆಶಾರಾಣಿ ಅವಳನ್ನೇ ನೋಡಿದಳು. ಕೋಪವೇನೂ ಇರಲಿಲ್ಲ.

"ಯಮನಪ್ಪನ ಬೆರಳು ಹೋಗೋವರೆಗೂ ಮನು ಸಾರೂ ದಿನಾ ಇದೇ ಮಾತು ಹೇಳ್ತಿದ್ರು," ಎಂದಳು.