ನಾಲ್ಕು ಸೊನ್ನೆ

"ಅಮ್ಮಾ, ನಂಗೆ ಫಸ್ಟ್ ಪ್ರೈಜ್! ನೋಡಮ್ಮಾ ಇಲ್ಲಿ!"

ಚೂಟಿ ತಾನು ಬರೆದ ಚಿತ್ರವನ್ನು ಅಮ್ಮನ ಮೂಗಿನ ಮುಂದೆಯೇ ಹಿಡಿದಳು. ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಅಮ್ಮನ ಕಣ್ಣು ಮಾತ್ರ ಫೋನಿನ ಮೇಲೆ.

"ಚೆನ್ನಾಗಿದೆ ಕಣೇ... ಒಂದ್ನಿಮಿಷ ಇರು. ತಮ್ಮನ ಶುಗರ್ ಏರ್ತಿದೆ."

ಮತ್ತೆ ತಮ್ಮ! ಅವನ ತೋಳಿನಲ್ಲಿ ಗುಂಡಿಯಂಥ ಸೆನ್ಸರ್, ಜೇಬಿನಲ್ಲಿ ಪುಟ್ಟ ಮೀಟರ್. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಅದು ಅಮ್ಮನ ಫೋನಿಗೆ ಹೇಳುತ್ತಿತ್ತು. ಅದು ಬಂದಾಗಿನಿಂದ ಅಮ್ಮನಿಗೆ ಉಣ್ಣುವಾಗಲೂ ಫೋನ್, ಹೊಲಿಯುವಾಗಲೂ ಫೋನ್.

ಚೂಟಿಯ ಹೊಟ್ಟೆ ಧಗಧಗ ಉರಿಯಿತು. ‘ಆ ಶುಗರ್ ನಂಗೇ ಬರಬಾರದಿತ್ತಾ!’

ಕೋಣೆಗೆ ಹೋಗಿ ಗೇಮ್ ಆಡಲೆಂದು ಟ್ಯಾಬ್‌ನಲ್ಲಿ ವೈಫೈ ಹುಡುಕಿದಳು. ಅರೆ, ತಮ್ಮನ ಮೀಟರಿನ ಹೆಸರು! ಒತ್ತಿದರೆ ಪಿನ್ ಕೇಳಿತು. ಸುಮ್ಮನೆ ನಾಲ್ಕು ಸೊನ್ನೆ ಒತ್ತಿದಳು. ತೆರೆದೇಬಿಟ್ಟಿತು!

‘ಲೋ ಶುಗರ್ ಅಲಾರಂ ಟೆಸ್ಟ್’ ಎಂದಿತ್ತು. ಚೂಟಿ ಅದನ್ನೂ ಒತ್ತಿದಳು.

ಕೀಂ! ಕೀಂ! ಕೀಂ!

ಕುರ್ಚಿ ದಡಾರನೆ ಬಿತ್ತು. ಸಕ್ಕರೆ ಇಳಿದಾಗ ಕುಡಿಸುವ ಜ್ಯೂಸ್ ಬಾಟಲಿ ಹಿಡಿದು ಅಮ್ಮ ಹೊರಗೋಡಿದಳು. ಚೂಟಿ ಕಿಟಕಿಯಿಂದ ಇಣುಕಿದಳು. ಮೆಟ್ಟಿಲ ಮೇಲೆ ತಮ್ಮ ಬಿಳಿಚಿಕೊಂಡಿದ್ದ.

"ನಂಗೇನೂ ಆಗ್ತಿಲ್ಲಮ್ಮಾ... ಆದ್ರೂ ಬಿದ್ದೋಗ್ತೀನಾ?"

ಅಮ್ಮನಿಗೆ ಬಾಟಲಿಯ ಮುಚ್ಚಳ ತೆಗೆಯಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿಯೂ ಸೂಜಿಗೆ ದಾರ ಪೋಣಿಸುವ ಆ ಕೈಗಳು ಅದನ್ನು ಉಲ್ಟಾ ತಿರುಗಿಸುತ್ತಿದ್ದವು.

ಚೂಟಿಗೆ ಥಟ್ಟನೆ ಹೊಳೆಯಿತು. ಮೊದಲೇ ಸಕ್ಕರೆ ಏರಿದೆ, ಈಗ ಜ್ಯೂಸ್ ಬೇರೆ!

"ಕುಡಿಸ್ಬೇಡಮ್ಮಾ!" ಅವಳು ಓಡಿಬಂದಳು. "ಸುಳ್ಳು ಅಲಾರಂ ಅದು. ನಾನೇ... ಟ್ಯಾಬ್‌ನಿಂದ..."

ಅಮ್ಮನ ಕೈ ಮೇಲೆದ್ದಿತು. ಆದರೆ ಏಟು ಬೀಳಲಿಲ್ಲ.

"ಪಿನ್ ಯಾರು ಹೇಳಿದ್ರು?"

"ಯಾರೂ ಇಲ್ಲ. ಬರೀ ಸೊನ್ನೆ ಒತ್ತಿದೆ."

ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಂಗಡಿಯಿಂದ ತಂದಾಗ ಇದ್ದ ಪಿನ್ನೇ... ನಾನು ಬದಲಾಯಿಸ್ಲೇ ಇಲ್ಲ. ಬೀದೀಲಿ ಹೋಗೋರು ಯಾರಾದ್ರೂ ಒತ್ತಿದ್ರೆ ಏನು ಗತಿ?"

ಆಗಲೇ ಅಮ್ಮ ಹೊಸ ಪಿನ್ ಹಾಕಿದಳು.

ಸಂಜೆ ಅಮ್ಮ ಮತ್ತೆ ಫೋನ್ ಎತ್ತಿಕೊಂಡಳು. ಈ ಸಲ ಚೂಟಿ ಅಮ್ಮನ ಮುಖವನ್ನೇ ನೋಡಿದಳು. ಅಮ್ಮ ಉಸಿರು ಬಿಗಿಹಿಡಿದಿದ್ದಳು. ನಂಬರ್ ಕಂಡ ಮೇಲೆ ಮೆಲ್ಲಗೆ ಉಸಿರು ಬಿಟ್ಟಳು. ದಿನವಿಡೀ ಹೀಗೇನಾ?

"ನೀನು ಹೊಲಿಯಮ್ಮಾ. ಸ್ವಲ್ಪ ಹೊತ್ತು ನಾನಿರ್ತೀನಿ ಅವ್ನ ಹತ್ರ."

ತಮ್ಮ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಕ್ಕಾ, ಮತ್ತೆ ಮುಟ್ಟಲ್ಲ ತಾನೆ?"

ಚೂಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನ ಪಕ್ಕ ಕೂತಳು.