ಉಗುರುಬಣ್ಣದ ಗೆರೆ

ಗಾಳಿಮಳೆಗೆ ಕಂಬಗಳು ಉರುಳಿ ಕರೆಂಟು ಹೋದ ಮೂರನೆಯ ಬೆಳಿಗ್ಗೆ, ಕಂಬದೂರಿನ ಹತ್ತಿರದ ಹಳ್ಳಿಯಲ್ಲಿ ನಾರಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಕುಸಿದುಬಿದ್ದಳು. ಆಶಾ ಕಾರ್ಯಕರ್ತೆ ರಾಮಕ್ಕ ಓಡಿಬಂದಾಗ ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ, ಮಾತು ತೊದಲು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಅಳೆಯುವ ಮಿಷನ್ನು ಬರೀ ಮೂವತ್ತೆಂಟು ತೋರಿಸಿತು. ಗುಟುಕು ನುಂಗುವಷ್ಟು ಎಚ್ಚರವಿದ್ದದ್ದೇ ಪುಣ್ಯ. ಸಕ್ಕರೆ ನೀರು ಕುಡಿಸಿ, ೧೦೮ರಲ್ಲಿ ಕಲ್ಯಾಣದುರ್ಗಕ್ಕೆ ಸಾಗಿಸಿದರು. ಜೀವ ಉಳಿಯಿತು. ಆದರೆ ಡಾಕ್ಟರು ಆಡಿದ ಒಂದು ಮಾತು ಮನೆಗೆ ಬೆಂಕಿ ಹಚ್ಚಿತು: ಇನ್ಸುಲಿನ್ ಅಳತೆ ಮೀರಿ ಒಳಗೆ ಹೋಗಿದೆ.

ಸೂಜಿ ಹಾಕಿದವಳು ಸೊಸೆ ಸರಿತಾ.

ಸೋಮಂದೇಪಲ್ಲಿಗೆ ಕೊಟ್ಟಿದ್ದ ಮಗಳು ಕಲ್ಯಾಣಿ ಮರುದಿನವೇ ಬಂದು ಜಗುಲಿಯ ಮೇಲೆ ನಿಂತಳು. "ನಮ್ಮಣ್ಣ ಲಾರಿ ಮೇಲೆ ಹೋಗವ್ನೆ. ಅಮ್ಮ ಬೀಳೋ ಹಿಂದಿನ ದಿನವೆಲ್ಲ ಅಪ್ಪ ಹಿಂದೂಪುರದಾಗೆ, ಓಬಮ್ಮತ್ತೆ ಮನೇಲಿ. ಅಮ್ಮನ ಜತೆ ಇದ್ದೋಳು ಇವ್ಳೊಬ್ಳೇ. ಸಂಜೆ ಅಮ್ಮ ಆಸ್ಪತ್ರೆಯಿಂದ ಬರೋದ್ರೊಳಗೆ ಇವ್ಳು ತೌರಿಗೆ ಹೋಗ್ಲಿ. ಇಲ್ಲಾಂದ್ರೆ ನಾನೇ ಪೊಲೀಸ್ ಸ್ಟೇಷನ್ನಿಗೆ ಹೋಯ್ತೀನಿ!"

ಸರಿತಾ ಅಳಲಿಲ್ಲ. "ದಿನಾ ಹಾಕೋ ಹಂಗೇ ಹಾಕ್ದೆ ರಾಮಕ್ಕ" ಎಂದಷ್ಟೇ ಅಂದಳು.

ರಾಮಕ್ಕನ ಎದೆಗೆ ಆ ಮಾತು ನಾಟಿತು. ಕಣ್ಣು ಮಂಜಾದ ನಾರಮ್ಮನಿಗೂ ತಿಳಿಯಲೆಂದು ಒಂದೊಂದು ಸಿರಿಂಜಿನ ಮೇಲೂ ಹದಿನಾರು ಯೂನಿಟ್ಟಿನ ಹತ್ತಿರ ಉಗುರುಬಣ್ಣದ ಗೆರೆ ಎಳೆದುಕೊಟ್ಟವಳು ತಾನೇ. ಫ್ರಿಜ್ಜು ನಿಂತಾಗ ಇನ್ಸುಲಿನ್ ತಂಪಾಗಿರಲೆಂದು ಗಡಿಗೆಯಲ್ಲಿ ಹಸಿ ಮರಳು ತುಂಬಿ, ನಡುವೆ ಮಣ್ಣಿನ ಕುಡಿಕೆಯಲ್ಲಿ ಸೀಸೆ ಇಡಿಸಿದವಳೂ ತಾನೇ. ಎಲ್ಲಿ ತಪ್ಪಿದೆನೋ ಎಂದುಕೊಂಡು ನೇರವಾಗಿ ಮುನಿಯಕ್ಕನ ಮನೆಗೆ ನಡೆದಳು.

ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದು ಊರಿಗೆ ಮರಳಿದ್ದ ಮುನಿಯಕ್ಕನಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಕಾಣೆಯಾದ ಕುರಿಯಿಂದ ಕಳುವಾದ ಮೋಟಾರಿನವರೆಗೆ ಊರಿನ ಗುಟ್ಟೆಲ್ಲ ಬಿಡಿಸುತ್ತಿದ್ದವಳು ಅವಳೇ. ಎಲ್ಲವನ್ನೂ ಕೇಳಿ ಸೆರಗು ಬಿಗಿದು ಎದ್ದಳು. "ನಾಳೆ ಬೆಳಿಗ್ಗೆ ನಾರಮ್ಮಂಗೆ ಮತ್ತೆ ಸೂಜಿ ಹಾಕ್ಬೇಕು. ಅಷ್ಟರೊಳಗೆ ಗೊತ್ತಾಗ್ಲೇಬೇಕು. ನಡಿ."

ನಾರಮ್ಮನ ಮನೆಗೆ ಬಂದು ಮೊದಲು ಸರಿತಾಳಿಂದ ಹೊಸ ಸಿರಿಂಜಿಗೆ ನೀರು ಎಳೆಸಿದಳು. ಸರಿತಾ ಗೆರೆಗೆ ಸರಿಯಾಗಿ ನಿಲ್ಲಿಸಿದಳು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಅವತ್ತು ಸೀಸೆ ನೋಡ್ಲಿಲ್ವೇನಮ್ಮ?"

"ಬೆಳಕು ಹರಿದಿರ್ಲಿಲ್ಲ ಅಜ್ಜಿ. ಸೀಸೆಗೆ ಒದ್ದೆ ಬಟ್ಟೆ ಸುತ್ತಿತ್ತು. ಕುಡಿಕೆಗೆ ಕೈ ಹಾಕ್ದೆ, ಗೆರೆತನಕ ಎಳೆದೆ."

ಮುನಿಯಕ್ಕ ಬಟ್ಟೆ ಬಿಚ್ಚಿ ಸೀಸೆಯನ್ನು ಬಿಸಿಲಿಗೆ ಹಿಡಿದಳು. ಔಷಧಿ ಹೆಚ್ಚುಕಡಿಮೆ ಕಂಠದ ತನಕ ಇತ್ತು. "ಇದನ್ನ ಶುರು ಮಾಡಿ ಎಷ್ಟು ದಿನ?"

"ಇಪ್ಪತ್ತು" ಎಂದಳು ರಾಮಕ್ಕ. ಹೇಳುತ್ತಿದ್ದಂತೆ ಅವಳಿಗೇ ಎಲ್ಲೋ ಕುಟುಕಿತು.

ಮುನಿಯಕ್ಕ ಗಡಿಗೆಗೆ ಕೈಹಾಕಿ ಒಂದು ಹಿಡಿ ತೆಗೆದಳು. ಮರಳಲ್ಲ, ಹೊಲದ ಕೆಂಪು ಮಣ್ಣು. ಅಷ್ಟರಲ್ಲಿ ನಾರಮ್ಮನ ಗಂಡ ವೆಂಕಟರಮಣಪ್ಪ ನೀರಿನ ಚೊಂಬು ತಂದಿಟ್ಟ. ಬಲಗೈ ತೋರುಬೆರಳಿಗೆ ಚಿಂದಿ ಸುತ್ತಿದ್ದ.

"ಏನಪ್ಪ ಬೆರಳಿಗೆ?"

"ಹುಲ್ಲು ಕೊಯ್ವಾಗ ಕುಡುಗೋಲು ತಾಗ್ತು."

"ಎಲ್ಲಾರನ್ನೂ ಕರಿ ರಾಮಕ್ಕ" ಎಂದಳು ಮುನಿಯಕ್ಕ.

ಜಗುಲಿಯ ಮೇಲೆ ಮನೆಯವರೂ ಅಕ್ಕಪಕ್ಕದವರೂ ಸೇರಿದರು. ಕಲ್ಯಾಣಿ ಮೂತಿ ತಿರುವಿದಳು. "ಇದೇನು ಪಂಚಾಯ್ತಿ? ಕಸ ಗುಡಿಸ್ತಿದ್ದೋಳು ಡಾಕ್ಟ್ರಾಗ್ಬುಟ್ಲಾ?"

"ಕಸ ಗುಡಿಸ್ತಿದ್ದೋರಿಗೇ ಕಣಮ್ಮ ಎಲ್ಲಿ ಏನು ಬಿದ್ದೈತೆ ಅಂತ ಗೊತ್ತಾಗೋದು. ಕೂತ್ಕೋ."

ಜಗುಲಿಯಲ್ಲಿ ನಗೆ ಎದ್ದಿತು. ಮುನಿಯಕ್ಕ ನಗಲಿಲ್ಲ.

"ಇನ್ಸುಲಿನ್ ಸೀಸೆಯಾಗೆ ಎರಡು ತರ. ಒಂದ್ರ ಮೇಲೆ ನಲವತ್ತು ಅಂತ ಅಂಕಿ, ಇನ್ನೊಂದ್ರ ಮೇಲೆ ನೂರು. ನೂರರದು ಎರಡೂವರೆ ಪಟ್ಟು ಗಟ್ಟಿ. ನಲವತ್ತರದಕ್ಕೆ ಕೆಂಪು ಮುಚ್ಚಳದ ಸಿರಿಂಜು, ನೂರರದಕ್ಕೆ ಕಿತ್ತಳೆ ಮುಚ್ಚಳದ್ದು. ನಮ್ಮ ವಾರ್ಡಿನಾಗೆ ಎರಡು ಟ್ರೇ ಒಂದ್ಕೊಂದು ತಾಗಿಸ್ತಿರ್ಲಿಲ್ಲ. ನಾರಮ್ಮಂದು ಕೆಂಪು ಮುಚ್ಚಳ. ಈ ಸೀಸೆ ಮೇಲೆ ಇರೋದು ನೂರು. ಗೆರೆ ತಪ್ಪಿಲ್ಲ, ಸೊಸೆ ಕೈ ತಪ್ಪಿಲ್ಲ. ಹದಿನಾರು ಯೂನಿಟ್ಟು ಹೋಗೋ ಕಡೆ ನಲವತ್ತು ಯೂನಿಟ್ಟು ಹೋಗೈತೆ."

ರಾಮಕ್ಕ ಸೀಸೆ ತೆಗೆದುಕೊಂಡು ತಾನೂ ಅಂಕಿ ನೋಡಿದಳು. ಕಲ್ಯಾಣಿ ಪಟ್ಟು ಬಿಡಲಿಲ್ಲ. "ಇವ್ಳೇ ಬದಲಾಯಿಸಿದ್ರೆ?"

"ಬದಲಾಯ್ಸೋಕೆ ಇನ್ನೊಂದು ಸೀಸೆ ಬೇಕಲ್ಲ. ನಿಮ್ಮ ಬಳಗದಾಗೆ ಸೂಜಿ ಹಾಕಿಸ್ಕೊಳ್ಳೋರು ಇನ್ಯಾರು?"

"ಓಬಮ್ಮತ್ತೆ..." ಎಂದ ಕಲ್ಯಾಣಿಯ ಮಾತು ಅಲ್ಲೇ ನಿಂತಿತು. ಎಲ್ಲರ ಕಣ್ಣೂ ವೆಂಕಟರಮಣಪ್ಪನ ಕಡೆ ತಿರುಗಿತು.

"ಇಪ್ಪತ್ತು ದಿನದ ಸೀಸೆ ತಳ ಕಾಣ್ಬೇಕಿತ್ತು, ಇದು ಹೊಸದು" ಎಂದಳು ಮುನಿಯಕ್ಕ. "ರಾಮಕ್ಕ ತುಂಬಿದ ಮರಳೂ ಇಲ್ಲ. ಗಡಿಗೆ ಉರುಳಿ ಸೀಸೆ ಒಡೆದ್ರೆ ಮರಳಾಗೆ ಗಾಜು ಬೆರೆಯುತ್ತೆ, ಹೊರಗೆ ಚೆಲ್ಬೇಕು. ಇನ್ನು ಬೆರಳು. ಕುಡುಗೋಲು ಬಲಗೈಯಾಗೆ ಹಿಡಿಯೋನಿಗೆ ಎಡಗೈ ಕೊಯ್ಯುತ್ತೆ ಕಣಪ್ಪ. ಬಲಗೈ ಬೆರಳು ಕೊಯ್ದದ್ದು ಗಾಜು ಆಯುವಾಗ."

ವೆಂಕಟರಮಣಪ್ಪ ಕಂಬಕ್ಕೆ ಒರಗಿ ಕುಕ್ಕರಿಸಿದ. "ನಂದೇ ತಪ್ಪು ಮುನಿಯಕ್ಕ. ಕಾಲು ತಗುಲಿ ಗಡಿಗೆ ಉರುಳ್ತು. ಅವ್ಳು ಬೈತಾಳೆ ಅಂತ ಯಾರಿಗೂ ಹೇಳ್ದೆ ಬಸ್ಸು ಹತ್ತಿ ಓಬಮ್ಮನತ್ರ ಒಂದು ತಂದೆ. ಔಷಧಿ ಔಷಧಿನೇ ಅಲ್ವಾ ಅನ್ಕೊಂಡೆ."

"ತಂದದ್ದು ಗೊತ್ತಿಲ್ದೆ. ಅದು ತಪ್ಪೇ, ಆದ್ರೆ ಯಾರ ಕೈಲಾದ್ರೂ ಆಗೋದು. ಸೊಸೆನ ಕೊಲೆಗಾತಿ ಅಂದಾಗ ಬಾಯಿ ಮುಚ್ಕೊಂಡು ಕೂತೆಯಲ್ಲ, ಅದು?"

ಕಲ್ಯಾಣಿ ಸರಿತಾಳ ಹತ್ತಿರ ಹೋಗಿ ನಿಂತಳು. "ಅತ್ತಿಗೆ" ಎಂದು ಕೈ ಹಿಡಿಯಹೋದಳು. ಸರಿತಾ ಅವಳನ್ನು ದಾಟಿ ಮಾವನ ಎದುರು ಬಂದಳು.

"ಮಾವ, ನಾನು ಎಲ್ಲಿಗೂ ಹೋಗಲ್ಲ. ಆದ್ರೆ ಊರೆಲ್ಲ ನನ್ನ ಹೆಸ್ರು ಹೇಳೈತೆ. ಮನೆಮನೆಗೂ ಹೋಗಿ ನೀವೇ ಹೇಳ್ಬೇಕು."

"ಸರಿಯಾದ ಮಾತು" ಎಂದಳು ರಾಮಕ್ಕ. "ಇನ್ಸುಲಿನ್ ಹಾಕೋ ಮನೆ ಈ ಊರಾಗೆ ಏಳವೆ. ಕರೆಂಟಿಲ್ಲ ಅಂತ ಯಾರು ಯಾರಿಂದ ಏನು ಇಸ್ಕೊಂಡವ್ರೋ. ಏಳೂ ಮನೆ ಇವತ್ತೇ ನೋಡ್ಬೇಕು."

ಸೀಸೆಯನ್ನು ಸರಿತಾ ಅವನ ಕೈಗಿಟ್ಟಳು. ವೆಂಕಟರಮಣಪ್ಪ ಎದ್ದು, ಚಪ್ಪಲಿ ಮೆಟ್ಟದೆ ಬೀದಿಗಿಳಿದು, ಮೊದಲ ಬಾಗಿಲು ತಟ್ಟಿದ.

"ಜೋಗಪ್ಪಣ್ಣ, ನಿನ್ನ ಸೀಸೆ, ಸಿರಿಂಜು ಈಚೆಗೆ ತತ್ತಾ. ಅಂಕಿ ನೋಡಾಣ. ಅದಕ್ಕೂ ಮುಂಚೆ ನಾನು ಮಾಡಿದ್ದೇನು ಅಂತ ಹೇಳ್ತೀನಿ, ಕೇಳು."