ಸರ್ವರ್ ಉಸಿರುಗಟ್ಟಿದ ಮಧ್ಯಾಹ್ನ

"ನಮ್ಮಪ್ಪನ್ನ ಕೊಂದಿದ್ದು ನಾನೇನಾ? ಅಷ್ಟು ಹೇಳಿ, ಸಾಕು," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಗಸು.

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಆಕೆಗೆ ಕುರ್ಚಿ ತೋರಿಸಿದರು. ನಮ್ಮ ವೆಬ್ ಹೋಸ್ಟಿಂಗ್ ಕಂಪನಿಯ ಮೇಲಿನ ಮಹಡಿಯಲ್ಲೇ ಅತ್ತೆಯ ವಾಸ. ಕೆಳಗಿನ ಮೊದಲ ಸರ್ವರ್ ಜೋಡಿಸಿದವರು ಅವರೇ. ಮಂಡಿ ಕೈಕೊಟ್ಟ ಮೇಲೆ ವ್ಯವಹಾರವನ್ನೆಲ್ಲ ಅಳಿಯನಿಗೆ, ಅಂದರೆ ನನ್ನ ಭಾವನಿಗೆ, ಒಪ್ಪಿಸಿದ್ದರು. ಆದರೂ ಏನು ಕೆಟ್ಟರೂ, ಯಾರ ಸುಳ್ಳು ಹಿಡಿಯಬೇಕಾದರೂ ಜನ ಮೆಟ್ಟಿಲು ಹತ್ತುತ್ತಿದ್ದದ್ದು ಅವರ ಬಳಿಗೇ. ಕೆಳಗೆ ಗ್ರಾಹಕರ ಫೋನ್ ಎತ್ತುವುದು ನನ್ನ ಕೆಲಸ. ಮೇಲೆ ಅತ್ತೆಗೆ ಕಾಲಾಗುವುದೂ ನನ್ನ ಕೆಲಸವೇ.

ಆಕೆಯ ತಂದೆಯ ಶ್ವಾಸಕೋಶ ಹಾಳಾಗಿತ್ತು. ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಮೇಲೆ ದಿನ ತಳ್ಳುತ್ತಿದ್ದರು. ಸಿಲಿಂಡರ್ ಅಂಗಡಿಯವರು ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದನ್ನು ಬಿಟ್ಟು ಎಲ್ಲವನ್ನೂ ವೆಬ್‌ಸೈಟಿಗೆ ಹಾಕಿದ್ದರು. ಆ ಸೈಟ್ ಇದ್ದದ್ದು ನಮ್ಮ ಸರ್ವರಿನಲ್ಲಿ. ಆ ಮಧ್ಯಾಹ್ನ ಸರ್ವರಿನ ಲೋಡ್ ಏರಿ ಎಲ್ಲ ಸೈಟುಗಳೂ ಕಟ್ಟಿಕೊಂಡವು. ಅಪ್ಪನ ಸಿಲಿಂಡರ್ ಖಾಲಿಯಾಗುತ್ತಾ ಬಂದಿತ್ತು. ಹೊಸದನ್ನು ತರಿಸಲು ಆಕೆ ಅಪ್ಪನ ಪಕ್ಕದಲ್ಲಿ ಕುಳಿತು ಮೊಬೈಲನ್ನು ಒತ್ತಿದ್ದೇ ಒತ್ತಿದ್ದು. ಪುಟ ತೆರೆಯುವ ಹೊತ್ತಿಗೆ ಅಪ್ಪನಿರಲಿಲ್ಲ.

ವಿಚಾರಿಸಲು ಬಂದಾಗ ಭಾವ ಆಕೆಗೆ ಎರಡು ಮಾತು ಹೇಳಿದ್ದ. ಅಂದು ಬೆಳಿಗ್ಗೆ ಕೆಲಸದಿಂದ ತೆಗೆದುಹಾಕಿದ್ದ ಟೆಕ್ನಿಷಿಯನ್ ಸೇಡಿಗಾಗಿ ಹೊರಗಿನಿಂದ ದಾಳಿ ಮಾಡಿದ್ದಾನೆ, ಇದು ಒಂದು. ಜನ ಬಿಡದೆ ಒತ್ತಿ ಒತ್ತಿ ಸರ್ವರನ್ನು ಪೂರ್ತಿ ಮಲಗಿಸಿದರು, ಇದು ಇನ್ನೊಂದು. ಎರಡನೆಯ ಮಾತು ಆಕೆಯ ಎದೆಯೊಳಗೆ ಹೊಕ್ಕು ಕುಳಿತಿತ್ತು.

ಟೆಕ್ನಿಷಿಯನ್ ಆಗಲೇ ಪೊಲೀಸರ ವಶದಲ್ಲಿದ್ದ. ಭಾವನ ಬಳಿ ಗಟ್ಟಿ ಸಾಕ್ಷಿಯೂ ಇತ್ತು. ಸರ್ವರ್ ನಿಂತ ಸ್ವಲ್ಪ ಹೊತ್ತಿಗೇ ಅವನು ಮನೆಯಿಂದ ಭಾವನಿಗೆ ಫೋನ್ ಮಾಡಿದ್ದನಂತೆ. ತಾನೇ ಮಾಡದಿದ್ದರೆ ಅವನಿಗೆ ಹೇಗೆ ತಿಳಿಯಿತು ಎಂದು ಭಾವ ಎಲ್ಲರೆದುರೂ ಕೇಳಿದ್ದ. ಅವನ ಪಾಸ್‌ವರ್ಡನ್ನು ಬೆಳಿಗ್ಗೆಯೇ ರದ್ದು ಮಾಡಿ, ತನ್ನದೊಂದನ್ನೇ ಉಳಿಸಿಕೊಂಡಿದ್ದಾಗಿಯೂ ಜಂಬ ಕೊಚ್ಚಿಕೊಂಡಿದ್ದ.

ಸರ್ವರ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಂಡಿರುತ್ತದೆ. ಆ ಮಧ್ಯಾಹ್ನದ ಗ್ರಾಫುಗಳನ್ನು ಅತ್ತೆಯ ಮುಂದೆ ತೆರೆದಿಟ್ಟೆ. ಲೋಡ್ ಆಕಾಶಕ್ಕೇರಿತ್ತು. ಕೆಲಸ ಮಾಡಬೇಕಾದ ಪ್ರೊಸೆಸರ್ ಮಾತ್ರ ಬಹುಪಾಲು ಖಾಲಿ ಕೂತಿತ್ತು. ಎಲ್ಲವನ್ನೂ ಶೇಖರಿಸಿಡುವ ಡಿಸ್ಕ್ ಬೆಳಗಿಗಿಂತ ಎಷ್ಟೋ ಹೆಚ್ಚು ತುಂಬಿ, ಸಂಜೆಗೆ ಮತ್ತೆ ಮೊದಲಿನಷ್ಟಕ್ಕೇ ಇಳಿದಿತ್ತು. ಆ ಹೊತ್ತಿನಲ್ಲಿ ಭಾವ ಎಲ್ಲಿದ್ದನೆಂದು ಅತ್ತೆ ಕೇಳಿದರು. ಸರ್ವರ್ ಕೋಣೆಯಲ್ಲಿ ಒಬ್ಬನೇ ಬಾಗಿಲು ಹಾಕಿಕೊಂಡಿದ್ದ, ದಾಳಿ ತಡೆಯುತ್ತಿದ್ದೇನೆ ಎಂದಿದ್ದ ಎಂದೆ. ಅತ್ತೆಯ ಮುಖ ಕಪ್ಪಿಟ್ಟಿತು. ಮಗಳ ಬಾಳು ಕಣ್ಣ ಮುಂದೆ ಬಂದಿರಬೇಕು.

ಮರುದಿನ ಅತ್ತೆ ಎಲ್ಲರನ್ನೂ ಮೇಲಕ್ಕೆ ಕರೆಸಿದರು. ಇನ್ಸ್‌ಪೆಕ್ಟರ್ ಟೆಕ್ನಿಷಿಯನ್ನನ್ನು ಕರೆತಂದರು. ಭಾವ ಕಿಟಕಿಯ ಬಳಿ ಕುಳಿತ. ಆಕೆ ಮೂಲೆಯ ಕುರ್ಚಿಯಲ್ಲಿದ್ದಳು.

"ಲೋಡ್ ಅಂದ್ರೆ ದುಡಿಮೆ ಅಲ್ಲ, ಸರತಿ," ಎಂದು ಅತ್ತೆ ಶುರುಮಾಡಿದರು. "ಒಂದೇ ಕೌಂಟರ್ ಇರೋ ಆಫೀಸು ಅಂದ್ಕೊಳ್ಳಿ. ಯಾರೋ ಒಬ್ಬ ಅಲ್ಲಿ ಮೂಟೆಗಟ್ಟಲೆ ಕಾಗದ ಸುರಿದ್ರೆ ಹಿಂದಿನೋರೆಲ್ಲ ನಿಂತೇ ಇರ್ಬೇಕು. ಪ್ರೊಸೆಸರ್ ಸುಮ್ಮನೆ ಕೂತಿತ್ತು. ಎಲ್ಲ ಕಾಯ್ತಾ ಇದ್ದಿದ್ದು ಡಿಸ್ಕಿಗೆ."

ಸರತಿ ಬೆಳೆದ ಮೇಲಷ್ಟೇ ಜನರ ಒತ್ತಡ ಏರಿದ್ದನ್ನು ಅವರು ಗ್ರಾಫಿನಲ್ಲಿ ತೋರಿಸಿದರು. ಪುಟ ತೆರೆಯದ್ದಕ್ಕೆ ಜನ ಮತ್ತೆ ಮತ್ತೆ ಒತ್ತಿದ್ದರೇ ಹೊರತು ಒತ್ತಿದ್ದರಿಂದ ನಿಂತದ್ದಲ್ಲ. ಹೊರಗಿನಿಂದ ಬಾಗಿಲು ಬಡಿಯುವವರು ಡಿಸ್ಕನ್ನು ಹಾಗೆ ತುಂಬಿಸಲಾರರು. ಗ್ರಾಹಕರ ಒಂದು ಫೋಟೋ ಕೂಡ ಕಾಣೆಯಾಗದೆ ಡಿಸ್ಕ್ ಸಂಜೆಗೆ ಖಾಲಿಯಾಯಿತೆಂದರೆ, ತುಂಬಿದ್ದದ್ದೂ ಅಳಿಸಿದ್ದೂ ಇದ್ದದ್ದರ ನಕಲು. ಅಂದರೆ ಬ್ಯಾಕಪ್. ಅದು ನಡೆಯಬೇಕಾದದ್ದು ಸೈಟುಗಳಿಗೆ ಜನವಿಲ್ಲದ ನಸುಕಿನಲ್ಲಿ. ಆ ಮಧ್ಯಾಹ್ನ ಪಾಸ್‌ವರ್ಡ್ ಇದ್ದದ್ದು ಒಬ್ಬರ ಬಳಿ ಮಾತ್ರ.

"ಅಳಿಯಂದಿರೇ, ಎಷ್ಟು ಸಲ ಶುರು ಮಾಡಿದ್ರಿ?"

ಕೆಲಸ ಹೋದ ಸಿಟ್ಟಿಗೆ ಟೆಕ್ನಿಷಿಯನ್ ಹೇಗಾದರೂ ಒಳಹೊಕ್ಕು ಎಲ್ಲವನ್ನೂ ಅಳಿಸಿಬಿಟ್ಟಾನೆಂಬ ಭಯದಿಂದ ಬ್ಯಾಕಪ್ ಶುರುಮಾಡಿದ್ದೆ ಎಂದ ಭಾವ. ನಮ್ಮ ಬ್ಯಾಕಪ್ ಮುಗಿಯುವವರೆಗೆ ತುಟಿ ಬಿಚ್ಚದ ಜಾತಿಯದು. ಸ್ಕ್ರೀನಿನಲ್ಲಿ ಏನೂ ಕಾಣದಾಗ ಶುರುವೇ ಆಗಿಲ್ಲವೆಂದುಕೊಂಡು ಇನ್ನೊಂದು ಶುರುಮಾಡಿದ್ದ, ಆಮೇಲೆ ಮತ್ತೊಂದು. ಎಲ್ಲವೂ ಒಂದೇ ಡಿಸ್ಕಿನ ಮೇಲೆ ಬಿದ್ದು ಗುದ್ದಾಡಿದವು.

"ಅವನಿಗೆ ಹೇಗೆ ತಿಳೀತು ಅಂದ್ರಲ್ಲ," ಎಂದರು ಅತ್ತೆ. "ಪಾಸ್‌ವರ್ಡ್ ತೆಗೆದ್ರಿ. ಸರ್ವರ್ ಕಷ್ಟಕ್ಕೆ ಬಿದ್ರೆ ಮೆಸೇಜ್ ಹೋಗೋ ಅವನ ಮೊಬೈಲ್ ನಂಬರ್ ತೆಗೆಯೋದು ಮರೆತ್ರಿ. ಫೋನಲ್ಲಿ ಏನು ಹೇಳ್ದೆಯಪ್ಪಾ?"

ಟೆಕ್ನಿಷಿಯನ್ ತಲೆ ಎತ್ತಲಿಲ್ಲ. "ಡಿಸ್ಕ್ ತುಂಬ್ತಾ ಇದೆ ಸಾರ್, ಬ್ಯಾಕಪ್ ಓಡ್ತಿದ್ರೆ ನಿಲ್ಲಿಸಿ, ಆಕ್ಸಿಜನ್ ಅಂಗಡಿ ಸೈಟೂ ಅದ್ರ ಮೇಲೇ ಇದೆ ಅಂದೆ. ನನ್ನೇ ಕಳ್ಳ ಅಂದು ಫೋನ್ ಇಟ್ರು."

"ನಿಲ್ಲಿಸು ಅಂದಾಗ, ಅಳಿಸೋಕೇ ಹೇಳ್ತಿದಾನೆ ಅನ್ನಿಸ್ತು," ಎಂದ ಭಾವ. ಆಮೇಲೆ ತಪ್ಪು ಗೊತ್ತಾದಾಗ ನಕಲುಗಳನ್ನು ಅಳಿಸಿ, ಟೆಕ್ನಿಷಿಯನ್ ಮೇಲೆ ದೂರು ಬರೆದುಕೊಟ್ಟಿದ್ದ. ಇನ್ಸ್‌ಪೆಕ್ಟರ್ ಎದ್ದು ಭಾವನ ತೋಳು ಹಿಡಿದರು. ಅತ್ತೆ ಆ ಕಡೆ ನೋಡಲಿಲ್ಲ.

ಅವರೆಲ್ಲ ಇಳಿದುಹೋದ ಮೇಲೆ ಆಕೆ ಕೇಳಿದಳು, "ಹಾಗಾದ್ರೆ ನಾನು ಒತ್ತಿದ್ದಕ್ಕಲ್ಲ?"

"ಅಲ್ಲಮ್ಮ. ನೀನು ಮೊದಲ ಸಲ ಒತ್ತೋ ಹೊತ್ತಿಗೇ ಅದು ಸಿಕ್ಕಿಹಾಕ್ಕೊಂಡಿತ್ತು. ನೀನು ಒತ್ತದೇ ಇದ್ದಿದ್ರೂ ತೆರೀತಿರ್ಲಿಲ್ಲ."

ಆಕೆ ಎಂದಳು, "ಒತ್ತದೇ ಇದ್ದಿದ್ರೆ ಎದ್ದು ಹೋಗ್ತಿದ್ನಲ್ಲಮ್ಮ. ಅಂಗಡಿ ನಮ್ಮ ಹಿಂದಿನ ಬೀದೀಲೇ ಇದೆ. ಈಗ ತೆರೆಯುತ್ತೆ, ಈಗ ತೆರೆಯುತ್ತೆ ಅಂತ ಕೂತೇ ಇದ್ದೆ."

ಅತ್ತೆ ಕುರ್ಚಿ ಹಿಡಿದು ಎದ್ದು, ಆಕೆಯ ಪಕ್ಕ ಹೋಗಿ ಕುಳಿತರು.